ಯಂತ್ರದೋಣಿಗೆ ತೊಡಿಸುವ ರೆಕ್ಕೆ

ಮೂಡಿಗೆರೆ ಸೀಮೆಯ ಹೊಳೆಗಳು ಬಂಡೆಯಿಂದ ಬಂಡೆಗೆ ಧುಮುಕಿ ಓಡುವಂಥವಾದ್ದರಿಂದ ಯಂತ್ರದೋಣಿಗೆ ಅಲ್ಲಿ ಎಡೆಯಿಲ್ಲ. ಆದರೆ ಅದೇ ಬೆಟ್ಟಗಳ ಮಳೆನೀರು ಕೆಳಗಿಳಿದು ವಿಸ್ತಾರವಾಗಿ ನಿಂತಿರುವ ಎರಡು ಜಲಾಶಯಗಳು ನಮಗುಂಟು. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರಿನಲ್ಲಿ ನಿಂತರೆ, ಗಂಗಾಮೂಲದಿಂದ ಇಳಿದು ಕಳಸ, ಬಾಳೆಹೊನ್ನೂರುಗಳನ್ನು ಹಾದು ಬರುವ ಭದ್ರೆ ಲಕ್ಕವಳ್ಳಿಯಲ್ಲಿ ನಿಲ್ಲುತ್ತಾಳೆ. ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ದೋಣಿಗಳ ಬೆನ್ನಿಗೆ ಔಟ್‌ಬೋರ್ಡ್ ಮೋಟಾರು ಕಟ್ಟಿರುತ್ತದೆ. ಇಂತಹ ಮೋಟಾರಿಗೆ ಹೈಡ್ರೋಫಾಯಿಲ್ ಎಂಬ ಜೋಡಿರೆಕ್ಕೆಯನ್ನು ತೊಡಿಸಿದರೆ ದೋಣಿ ಹೇಳಿದಂತೆ ಕೇಳುತ್ತದೆ, ಬೇಗ ಮೇಲೇಳುತ್ತದೆ, ಎಣ್ಣೆಯೂ ಉಳಿಯುತ್ತದೆ ಎಂಬುದು ಲೋಕದಲ್ಲೆಲ್ಲ ಹಬ್ಬಿರುವ ಪ್ರಶಂಸೆ. ಆ ಪ್ರಶಂಸೆಯಲ್ಲಿ ಸತ್ಯಾಂಶವೆಷ್ಟು, ನಮ್ಮ ನೀರಿಗೆ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಅದರ ಕ್ರಿಯೆಯನ್ನು ತಿಳಿಯಬೇಕು. ದೋಣಿ ನಿಧಾನವಾಗಿ ಸಾಗುವಾಗ ನೀರನ್ನು ಸೀಳಿಕೊಂಡು ಅದರೊಳಗೇ ಚಲಿಸುತ್ತದೆ. ವೇಗ ಹೆಚ್ಚಿದಂತೆ ತಾನೇ ಎಬ್ಬಿಸಿದ ಅಲೆಯ ಏರನ್ನು ಹತ್ತಲು ಹೆಣಗುತ್ತದೆ. ಆ ಏರನ್ನು ದಾಟಿದ ಬಳಿಕವೇ ನೀರಿನ ಮೈಮೇಲೆ ಜಾರುತ್ತ ಹಗುರವಾಗಿ ಓಡುತ್ತದೆ. ನಡುವಣ ಘಟ್ಟದಲ್ಲಿ, ಮೋಟಾರು, ಎಣ್ಣೆಯ ಟ್ಯಾಂಕು, ನಡೆಸುವವನು ಎಲ್ಲವೂ ಹಿಂದೆಯೇ ಸೇರಿದ್ದರೆ, ಹಿಂಭಾರದ ಎತ್ತಿನಗಾಡಿಯ ಮೂಕಿ ಮೇಲೇಳುವಂತೆ ದೋಣಿಯ ಮೂತಿ ಆಕಾಶವನ್ನು ನೋಡತೊಡಗಿ, ಮುಂದಿನ ದಾರಿಯೇ ಕಾಣದಾಗುತ್ತದೆ. ಪ್ರೊಪೆಲರಿನ ಮೇಲ್ಗಡೆ, ಗಾಳಿ ಒಳಸೇರದಂತೆ ತಡೆಯಲೆಂದು ಮೋಟಾರಿನಲ್ಲಿ ಒಂದು ಚಪ್ಪಟೆಯಾದ ತಟ್ಟೆಯಿರುತ್ತದೆಯಷ್ಟೆ. ರೆಕ್ಕೆಯನ್ನು ಬಿಗಿಯುವುದು ಅದಕ್ಕೆ. ಹರಿಯುವ ನೀರು ರೆಕ್ಕೆಯನ್ನು ಮೇಲಕ್ಕೆ ಒತ್ತಿ ಹಿಂಬದಿಯನ್ನು ಎತ್ತುತ್ತದೆ, ಮೂತಿ ತಾನಾಗಿ ಇಳಿಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಅಂಗೈಯಗಲದ ರೆಕ್ಕೆಗೂ ಗಣನೀಯವಾದ ಶಕ್ತಿಯುಂಟು. ತಿರುವಿನಲ್ಲಿ ಪ್ರೊಪೆಲರು ಗಾಳಿಯನ್ನು ಹೀರಿ ಹಿಡಿತ ಕಳೆದುಕೊಳ್ಳುವುದನ್ನೂ ಅಗಲವಾದ ತಟ್ಟೆ ಒಂದಿಷ್ಟು ತಡೆಯುತ್ತದೆ. ಇವು ನಿಜವಾದ ಗುಣಗಳು. ಇವನ್ನು ಅಲ್ಲಗಳೆಯುವುದು ನ್ಯಾಯವಾಗದು.

ಆದರೆ ಹೈಡ್ರೋಫಾಯಿಲ್ ಎಂದೊಡನೆ ಮನಸ್ಸಿಗೆ ಬರುವ ಘನತೆ ಈ ಉಪಕರಣದ್ದಲ್ಲ. ಇಟಲಿಯ ಎನ್ರಿಕೊ ಫೊರ್ಲಾನಿನಿ 1906ರಲ್ಲಿ ಮಜ್ಜೋರೆ ಸರೋವರದ ಮೇಲೆ ಓಡಿಸಿದ ದೋಣಿಯೂ, 1919ರಲ್ಲಿ ಗಂಟೆಗೆ 114 ಕಿಲೋಮೀಟರು ವೇಗವನ್ನು ಮುಟ್ಟಿದ ಗ್ರಹಾಂ ಬೆಲ್ಲರ ನೌಕೆಯೂ ತಮ್ಮ ಇಡೀ ಒಡಲನ್ನು ನೀರಿನಿಂದ ಮೇಲೆತ್ತಿಕೊಂಡು ಹೋದವು. ಅವುಗಳಲ್ಲಿ ರೆಕ್ಕೆಗಾಗಿಯೇ ದೋಣಿಯನ್ನು ರಚಿಸಲಾಗಿತ್ತು. ಇಲ್ಲಿಯಾದರೋ ರಚಿತವಾಗಿ ಮುಗಿದ ದೋಣಿಯ ಲೋಪವೊಂದನ್ನು ಮುಚ್ಚಲು ರೆಕ್ಕೆಯನ್ನು ತರುತ್ತೇವೆ. ಹಿಂಭಾರವೇ ರೋಗದ ಮೂಲವಾಗಿದ್ದಲ್ಲಿ ಟ್ಯಾಂಕನ್ನು ಮುಂದಕ್ಕೆ ಸರಿಸಿ, ಜನರನ್ನು ಸಮನಾಗಿ ಕೂರಿಸಿ, ಮೋಟಾರಿನ ಎತ್ತರವನ್ನೂ ಓರೆಯನ್ನೂ ಸರಿಪಡಿಸಿ, ಹೊರುವ ಭಾರಕ್ಕೆ ತಕ್ಕ ಪ್ರೊಪೆಲರನ್ನು ಹಾಕುವುದು ಚಿಕಿತ್ಸೆ. ಅದೊಂದನ್ನೂ ಮಾಡದೆ ರೆಕ್ಕೆ ಕಟ್ಟುವುದು ನೋವನ್ನು ಮರೆಸುವ ಲೇಪ ಮಾತ್ರ. ಸರಿಯಾಗಿ ಕೂರಿಸಿದ ಮೋಟಾರಿನಲ್ಲಿ, ದೋಣಿ ವೇಗವಾಗಿ ಓಡುವಾಗ ಆ ತಟ್ಟೆ ನೀರಿನ ಮಟ್ಟಕ್ಕೋ ಅದಕ್ಕಿಂತ ತುಸು ಮೇಲಕ್ಕೋ ಇರತಕ್ಕದ್ದು. ಆಗ ರೆಕ್ಕೆಗೆ ಕೆಲಸವೇ ಇಲ್ಲ. ಹಾಗಿದ್ದೂ ತೀವ್ರವಾದ ತಿರುವಿನಲ್ಲಿ ಅದು ಹಠಾತ್ತನೆ ನೀರನ್ನು ಕಚ್ಚಿ ಹಿಂಬದಿಯನ್ನು ಎತ್ತಿಬಿಟ್ಟರೆ, ಮೂತಿ ನೀರಿಗೆ ನಾಟಿ ದೋಣಿ ಬೇಡದ ದಿಕ್ಕಿಗೆ ಹೊರಳುವುದುಂಟು. ಹಿಡಿತವನ್ನು ಹೆಚ್ಚಿಸಲೆಂದು ತಂದದ್ದೇ ಹಿಡಿತವನ್ನು ತಪ್ಪಿಸುವ ಈ ಸಂಭವವನ್ನು ಮಾರುವವರು ಒತ್ತಿ ಹೇಳುವುದಿಲ್ಲ.

ಭದ್ರೆಯ ಹಿನ್ನೀರಿಗೆ ಬಂದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ರೆಕ್ಕೆಯ ಬಲ ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗ ಅರ್ಧಕ್ಕಿಳಿದರೆ ಅದರ ಬಲ ಕಾಲುಭಾಗಕ್ಕಿಳಿಯುತ್ತದೆ. ಆನೆಯನ್ನೋ ಕಾಟಿಯನ್ನೋ ನೋಡಲು ದಡದ ಗುಂಟ ಮೆಲ್ಲನೆ ಸಾಗುವ ದೋಣಿಗೆ ಅದರಿಂದ ಆಗುವ ಉಪಕಾರ ಇಲ್ಲವೆನ್ನುವಷ್ಟು ಅಲ್ಪ. ಬೇಸಿಗೆಯಲ್ಲಿ ನೀರಿಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರಿವರ್ ಟರ್ನ್ ಹಕ್ಕಿಗಳು ಬರಿನೆಲದ ಮೇಲೆಯೇ ಮೊಟ್ಟೆಯಿಟ್ಟು ಸಂಸಾರ ಹೂಡುತ್ತವೆ; ಆ ನೆಲಕ್ಕೂ ನೀರಿಗೂ ನಡುವೆ ಇರುವ ಅಂತರ ಬಹು ಕಡಿಮೆಯಾದ್ದರಿಂದ ದೋಣಿಯ ಅಲೆ ಗೂಡನ್ನು ಮುಟ್ಟಬಲ್ಲದು. ದೋಣಿ ಅತಿ ದೊಡ್ಡ ಅಲೆಯನ್ನೆಬ್ಬಿಸುವುದು ಮೂತಿ ಎತ್ತಿಕೊಂಡು ಏಗುವ ಆ ನಡುಘಟ್ಟದಲ್ಲಾದ್ದರಿಂದ, ಅದನ್ನು ಬೇಗ ದಾಟಿಸುವ ರೆಕ್ಕೆ ಹಕ್ಕಿಗಳಿಗೂ ಹಿತವಲ್ಲವೆ ಎಂದು ಯಾರಾದರೂ ವಾದಿಸಬಹುದು. ವಾದ ಪೊಳ್ಳಲ್ಲ, ತೆರೆದ ನೀರಿನಲ್ಲಿ ಅದು ಒಪ್ಪತಕ್ಕದ್ದೇ. ಆದರೆ ಗೂಡುಗಳ ಬಳಿ ಆ ಘಟ್ಟದವರೆಗೂ ಹೋಗದೆ, ಅಲೆಯೇಳದಷ್ಟು ನಿಧಾನವಾಗಿ ಸಾಗುವುದೇ ಕ್ರಮ. ಅಲ್ಲಿ ಬೇಕಾದದ್ದು ನಡೆಸುವವನ ಸಂಯಮ, ಮತ್ತು ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ಇನ್ನೊಂದು ಅಪಾಯ ಮುಳುಗಿದ ಕಾಡಿನದು. ಅಣೆಕಟ್ಟೆಯ ನೀರಿನಲ್ಲಿ ಸತ್ತ ಮರಗಳ ಬೊಡ್ಡೆಗಳು ಇಂದಿಗೂ ನಿಂತಿವೆ, ಕೆಲವು ನೀರಿನಿಂದ ಗೇಣುದ್ದ ಕೆಳಗೆ ಅಡಗಿ. ಪ್ರೊಪೆಲರಿಗಿಂತ ಅಗಲವಾಗಿ ಎರಡೂ ಕಡೆಗೆ ಚಾಚಿದ ರೆಕ್ಕೆ ಅಂತಹ ಬೊಡ್ಡೆಗೆ ತಗುಲಿದರೆ ಪೆಟ್ಟೆಲ್ಲ ರೆಕ್ಕೆಯನ್ನು ಬಿಗಿಯಲೆಂದು ತೂತು ಕೊರೆದು ದುರ್ಬಲಗೊಳಿಸಿದ ಆ ಅಲ್ಯುಮಿನಿಯಂ ತಟ್ಟೆಯ ಮೇಲೆ ಬೀಳುತ್ತದೆ. ರೆಕ್ಕೆ ಹೋದರೆ ಹೋಗಲಿ, ತಟ್ಟೆ ಮುರಿದರೆ ಮೋಟಾರಿನ ಕೆಳಗಿನ ಎರಕವೇ ಕೆಟ್ಟಂತೆ. ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋದರೆ, ಅಲ್ಲಿನ ನಾಡದೋಣಿಗಳಿಗೂ ಔಟ್‌ಬೋರ್ಡ್ ಮೋಟಾರೇ ಆಧಾರವಾದರೂ, ಬಲೆಯನ್ನೂ ಮೀನನ್ನೂ ಹೊತ್ತು ನೀರೊಳಗೇ ಸಾಗುವ ಆ ಉದ್ದನೆಯ ದೋಣಿಗೆ ರೆಕ್ಕೆ ವ್ಯರ್ಥ. ಬಲೆ ತೊಡರಿಕೊಳ್ಳಲು ಇನ್ನೊಂದು ಕೊಕ್ಕೆ, ಉಪ್ಪುನೀರು ಲೋಹವನ್ನು ತಿನ್ನಲು ಇನ್ನು ನಾಲ್ಕು ತೂತು.

ಹಾಗಾದರೆ ಅದಕ್ಕೆ ಯೋಗ್ಯವಾದ ಸ್ಥಾನವೇ ಇಲ್ಲವೆ? ಉಂಟು. ತುಂಬಿದ ಜಲಾಶಯದ ಆಳವಾದ ನೀರಿನಲ್ಲಿ ಒಬ್ಬಿಬ್ಬರು ಕಾವಲಿಗೆ ಹೊರಡುವ ಪುಟ್ಟ ದೋಣಿ, ಮೋಟಾರಿನ ಹಿಡಿಯನ್ನು ಕೈಯಲ್ಲೇ ಹಿಡಿದು ಹಿಂದೆ ಕುಳಿತೇ ನಡೆಸಬೇಕಾದದ್ದು, ಭಾರವನ್ನು ಮುಂದಕ್ಕೆ ಸರಿಸಿದ ಮೇಲೂ ಮೂತಿ ಇಳಿಸದಿದ್ದರೆ, ಅಲ್ಲಿ ರೆಕ್ಕೆ ಪ್ರಯೋಜನಕಾರಿ. ಅದೂ ತೂತು ಕೊರೆಯದೆ ತಟ್ಟೆಯನ್ನು ಕಚ್ಚಿ ಹಿಡಿಯುವ ಬಗೆಯದಾದರೆ ಮೇಲು. ಫೆಬ್ರವರಿಯ ಹೊತ್ತಿಗೆ ನೀರಿಳಿದು ಬೊಡ್ಡೆಗಳು ಹತ್ತಿರವಾದಾಗ ಅದನ್ನು ಬಿಚ್ಚಿ ತೆಗೆದಿಡಬಹುದು.