ಗಡಿ ದಾಟುವಾಗ ಕಳೆದುಹೋದ ಜಂಕ್‌ಯಾರ್ಡ್ ಡಾಗ್

ಅಮೆರಿಕದ ಐವತ್ತು ರಾಜ್ಯಗಳಿಗೂ ಒಬ್ಬೊಬ್ಬ ಶ್ರೇಷ್ಠ ಪ್ರೊ ರೆಸ್ಲರ್‌ನನ್ನು ಹಂಚಿಕೊಡುವ ಪಟ್ಟಿಗಳಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಸಲ್ಲುತ್ತಿದೆ. ಹೊರನೋಟಕ್ಕೆ ನಿರಪಾಯದ ಆಟ. ಅಯೋವಾಕ್ಕೆ ಫ್ರಾಂಕ್ ಗಾಚ್, ಮಿಸೌರಿಗೆ ಹಾರ್ಲಿ ರೇಸ್, ಒಕ್ಲಹೋಮಾಕ್ಕೆ ಡ್ಯಾನಿ ಹಾಜ್: ಇಷ್ಟಕ್ಕೆ ಹೆಚ್ಚಿನವರ ತಕರಾರು ಇರಲಾರದು. ತಕರಾರು ಶುರುವಾಗುವುದು ಟೆನ್ನೆಸ್ಸಿಯಲ್ಲಿ. ಹುಟ್ಟಿದ ಊರನ್ನೇ ಲೆಕ್ಕಕ್ಕೆ ಹಿಡಿದರೆ ಆ ರಾಜ್ಯ ರಿಕ್ ಫ್ಲೇರ್‌ಗೆ ಹೋಗಬೇಕು, ಏಕೆಂದರೆ ಆತ 1949ರಲ್ಲಿ ಹುಟ್ಟಿದ್ದು ಮೆಂಫಿಸ್‌ನಲ್ಲಿ. ಕೂಸಾಗಿದ್ದಾಗಲೇ ದತ್ತು ಹೋಗಿ ಮಿನೆಸೋಟದಲ್ಲಿ ಬೆಳೆದ, ಅಲ್ಲೇ ವರ್ನ್ ಗಾನ್ಯಾ ಕೈಕೆಳಗೆ ಪಟ್ಟು ಕಲಿತ, ಹೆಸರು ಮಾಡಿದ್ದು ನಾರ್ತ್ ಕ್ಯಾರೊಲಿನಾದ ಷಾರ್ಲಟ್‌ನಲ್ಲಿ. ಅದೇ ವರ್ಷ ಅದೇ ಮೆಂಫಿಸ್‌ನಲ್ಲಿ ಹುಟ್ಟಿ, ಸೋಮವಾರದ ರಾತ್ರಿಗಳಲ್ಲಿ ಅದೇ ಊರಿನ ಜನರನ್ನು ಮಿಡ್-ಸೌತ್ ಕೊಲಿಸಿಯಂಗೆ ಎಳೆದು ತಂದ ಜೆರ್ರಿ ಲಾಲರ್ ಆಗ ತನ್ನ ಮನೆಯಲ್ಲೇ ಎರಡನೆಯವನು.

ಹುಟ್ಟೂರು ಬೇಡ, ರಿಂಗ್‌ನಲ್ಲಿ ಅನೌನ್ಸರ್ ಕೂಗಿ ಹೇಳುವ ಊರನ್ನೇ ನಂಬೋಣವೆಂದರೆ ಅದು ಇನ್ನೂ ಕಷ್ಟ. ಮಿಸ್ಸಿಸಿಪ್ಪಿ ಹೆತ್ತ ದೊಡ್ಡ ಹೆಸರುಗಳಲ್ಲೊಬ್ಬ ಸೆನಟೋಬಿಯಾದ ಜೇಮ್ಸ್ ಹ್ಯಾರಿಸ್. ಲಾಲರ್ ಮತ್ತು ಪ್ರಮೋಟರ್ ಜೆರ್ರಿ ಜ್ಯಾರೆಟ್ 1982ರಲ್ಲಿ ಮುಖಕ್ಕೆ ಬಣ್ಣ ಬಳಿದು, ಕೈಗೆ ಈಟಿ ಕೊಟ್ಟು ಅವನನ್ನು ಉಗಾಂಡಾದ ಕಮಾಲ ಮಾಡಿದರು. ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿ ಲೆಬನಾನ್ ಮೂಲದ ಮನೆಯಲ್ಲಿ ಹುಟ್ಟಿದ ಎಡ್ ಫರ್ಹಾತ್ ‘ದಿ ಶೇಖ್’ ಆಗಿ ಸಿರಿಯಾದ ಮರಳುಗಾಡಿನಿಂದ ಬರುತ್ತಿದ್ದ. ಅವನ ಸೋದರಳಿಯ ಸಾಬು ಬಾಂಬೆಯಿಂದ. ನಮ್ಮವನೇ ಆದ ಖಲಿಯನ್ನು ನೋಡಿ. ಹಿಮಾಚಲದ ಧಿರೈನಾ ಹಳ್ಳಿಯ ಆಳಿಗಾಗಿ ಡಬ್ಲ್ಯುಡಬ್ಲ್ಯುಇ ಬಿದಿರಿನ ಪಂಜರ ಕಟ್ಟಿ ‘ಪಂಜಾಬಿ ಪ್ರಿಸನ್’ ಎಂದು ಹೆಸರಿಟ್ಟಿತು. ತೊಂಬತ್ತರ ದಶಕದಲ್ಲಿ ಟ್ರಂಪ್ ಕಾರ್ಡ್ ಹಿಡಿದು ಅಂಡರ್‌ಟೇಕರ್‌ನ ತೂಕ, ಎದೆಸುತ್ತಳತೆ ಬಾಯಿಪಾಠ ಮಾಡಿದ ಕನ್ನಡದ ಹುಡುಗರಿಗೂ ಅವನು ಹೂಸ್ಟನ್‌ನವನೆಂದು ಗೊತ್ತಿರಲಿಕ್ಕಿಲ್ಲ. ಅವರಿಗೆ ಡೆತ್ ವ್ಯಾಲಿಯೇ ಅವನ ಊರು.

ಪಟ್ಟಿಕಾರರಿಗೆ ಇದೆಲ್ಲ ತಮಾಷೆಯ ತೊಡಕು. ಈ ತೊಡಕಿನಲ್ಲಿ ನಿಜವಾಗಿ ನಷ್ಟವಾದದ್ದು ಒಬ್ಬನಿಗೆ. ಸಿಲ್ವೆಸ್ಟರ್ ರಿಟರ್ ನಾರ್ತ್ ಕ್ಯಾರೊಲಿನಾದ ವೇಡ್ಸ್‌ಬರೊದವನು, ‘ಜಂಕ್‌ಯಾರ್ಡ್ ಡಾಗ್’ ಆದದ್ದು ಲೂಸಿಯಾನಾದಲ್ಲಿ. ಹುಟ್ಟಿನ ಪಟ್ಟಿಯಲ್ಲಿ ಅವನು ನಾರ್ತ್ ಕ್ಯಾರೊಲಿನಾದ ಸಾಲಿಗೆ ಬಿದ್ದು ಹಾರ್ಡಿ ಸೋದರರ ಹಿಂದೆ ನಿಲ್ಲುತ್ತಾನೆ. ಬೇರೂರಿದ ನೆಲದ ಪಟ್ಟಿಯಲ್ಲಿ ಅಲ್ಲಿ ಫ್ಲೇರ್ ಕೂತಿರುತ್ತಾನೆ, ಲೂಸಿಯಾನಾದಲ್ಲಿ ಅಲ್ಲೇ ಹುಟ್ಟಿದ ಎರ್ನಿ ಲ್ಯಾಡ್ ಸಿಗುತ್ತಾನೆ. ಎರಡೂ ಕಡೆ ಅರ್ಹನಾದವನು ಎರಡೂ ಕಡೆಯಿಂದ ಜಾರಿಹೋಗುತ್ತಾನೆ.

1980ರ ದಶಕದ ನಡುವಿನವರೆಗೂ ಅಮೆರಿಕದ ಕುಸ್ತಿ ನಡೆದದ್ದು ನಮ್ಮ ಯಕ್ಷಗಾನ ಮೇಳಗಳ ತಿರುಗಾಟದ ಹಾಗೆ: ಒಬ್ಬೊಬ್ಬ ಯಜಮಾನನಿಗೆ ಒಂದೊಂದು ಸೀಮೆ, ಅಲ್ಲಿನ ಊರುಗಳ ಸರದಿ, ಅಲ್ಲಿನ ಜನ ಗುರುತು ಹಿಡಿಯುವ ವೇಷಧಾರಿಗಳು. ಬಿಲ್ ವಾಟ್ಸ್‌ನ ಮಿಡ್-ಸೌತ್ ಕಂಪನಿಯ ಸೀಮೆಯಲ್ಲಿ ಲೂಸಿಯಾನಾ, ಮಿಸ್ಸಿಸಿಪ್ಪಿ, ಒಕ್ಲಹೋಮಾ ಸೇರಿದ್ದವು. ಕ್ಯಾಲ್ಗರಿಯಲ್ಲಿ ‘ಬಿಗ್ ಡ್ಯಾಡಿ ರಿಟರ್’ ಎಂಬ ಖಳನಾಗಿದ್ದವನಿಗೆ ಜಿಮ್ ಕ್ರೋಚಿಯ ಒಂದು ಹಾಡಿನಿಂದ ಹೊಸ ಹೆಸರು ತೆಗೆದುಕೊಟ್ಟು, ಕೊರಳಿಗೆ ನಾಯಿಪಟ್ಟಿ ಮತ್ತು ಸರಪಳಿ ತೊಡಿಸಿ ವಾಟ್ಸ್ ಅವನನ್ನು ನಾಯಕನಾಗಿ ಇಳಿಸಿದ. ಅಮೆರಿಕದ ಕಡು ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮನುಷ್ಯನೊಬ್ಬ ಇಡೀ ಕಂಪನಿಯ ಮೊದಲ ಹೆಸರಾಗಿ ವರ್ಷಗಟ್ಟಲೆ ನಿಲ್ಲುವುದು ಅಲ್ಲಿಯವರೆಗೆ ಕಂಡಿದ್ದಲ್ಲ.

ಆ ಸರಪಳಿಯ ಹತ್ತಿರ ನಾನು ಸ್ವಲ್ಪ ನಿಲ್ಲಬೇಕು. ಒಂದು ಕಾಲಕ್ಕೆ ಗುಲಾಮರ ದೊಡ್ಡ ಸಂತೆ ನಡೆದ ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ಮೈಗೆ ಸರಪಳಿ ಹಾಕಿ, ಪ್ರಾಣಿಯ ಹೆಸರಿಟ್ಟು ಕಾಸು ಮಾಡಿಕೊಂಡರು ಎಂದು ಸಿಟ್ಟಾಗುವುದು ಸುಲಭ. ಸಿಟ್ಟಿಗೆ ಕಾರಣವೂ ಇದೆ. ನಂತರದ ವರ್ಷಗಳಲ್ಲಿ ವಿನ್ಸ್ ಮ್ಯಾಕ್‌ಮಹೊನ್‌ನ ಡಬ್ಲ್ಯುಡಬ್ಲ್ಯುಎಫ್‌ನಲ್ಲಿ ಅವನು ನಾಲ್ಕು ಕಾಲಲ್ಲಿ ತೆವಳಿಕೊಂಡು ಹೋಗಿ ತಲೆಯಿಂದ ಗುದ್ದುವುದನ್ನು ನೋಡಿದರೆ ನನಗೂ ಮುಜುಗರವೇ. ಆದರೆ 1980ರ ಬೇಸಗೆಯಲ್ಲಿ ಅದೇ ಸರಪಳಿಯಿಂದ ಮಿಡ್-ಸೌತ್‌ನಲ್ಲಿ ಏನು ಮಾಡಿದರು ನೋಡಿ.

ಕಥೆ ಸರಳ. ಫ್ರೀಬರ್ಡ್ಸ್ ಎಂಬ ಬಿಳಿಯ ಪುಂಡರ ಗುಂಪು, ಅದರ ಬಾಯಿ ಮೈಕಲ್ ಹೇಯ್ಸ್. ಕೂದಲು ಉದುರಿಸುವ ಕ್ರೀಮ್ ಕಣ್ಣಿಗೆ ತಾಗಿ ಡಾಗ್ ಕುರುಡನಾಗುತ್ತಾನೆ. ಆ ದಿನಗಳಲ್ಲೇ ಅವನಿಗೊಂದು ಹೆಣ್ಣುಮಗು ಹುಟ್ಟಿತ್ತು. ಮಗಳ ಮುಖವನ್ನು ತಂದೆ ನೋಡಲಾರ ಎಂಬುದು ಟಿವಿಯಲ್ಲಿ ಮತ್ತೆ ಮತ್ತೆ ಬಂತು. ಮಗು ನಿಜ, ಕುರುಡು ಸುಳ್ಳು. ಅಗ್ಗದ ಮೆಲೋಡ್ರಾಮಾ ಎನ್ನಬಹುದು, ಎಂದವರೂ ಇದ್ದಾರೆ. ಈಗ ಕಟ್ಟುಪಾಡನ್ನು ನೋಡಿ. ಕುರುಡ ಕಾದಾಡುವುದು ಹೇಗೆ? ಎದುರಾಳಿ ತಪ್ಪಿಸಿಕೊಳ್ಳದಂತೆ ಇಬ್ಬರ ಕೊರಳಿಗೂ ನಾಯಿಪಟ್ಟಿ ತೊಡಿಸಿ ಒಂದೇ ಸರಪಳಿಯಿಂದ ಬಿಗಿಯಬೇಕು. ಹೇಯ್ಸ್‌ನ ಗೆಳೆಯರು ಒಳನುಗ್ಗದಂತೆ ಸುತ್ತ ಉಕ್ಕಿನ ಬೋನು ಇರಬೇಕು. ಅಲ್ಲಿಯತನಕ ಡಾಗ್‌ನ ಕೊರಳಲ್ಲಷ್ಟೇ ಇದ್ದ ಪಟ್ಟಿ ಆ ರಾತ್ರಿ ಬಿಳಿಯನ ಕೊರಳಿಗೂ ಬಿತ್ತು. ಸರಪಳಿಯೇ ಕುರುಡನ ಕಣ್ಣಾಯಿತು: ಎಳೆದರೆ ಸಾಕು, ಜಂಭದ ಹುಡುಗ ಬಳಿಗೆ ಬರಲೇಬೇಕು. ಅವಮಾನದ ಗುರುತೊಂದು ಯಾವ ಭಾಷಣವೂ ಇಲ್ಲದೆ, ಆಟದ ನಿಯಮದ ಬಲದಿಂದಲೇ, ಸೇಡಿನ ಹತ್ಯಾರವಾದ ಪರಿ ಇದು. ವಾಟ್ಸ್ ಇದನ್ನೆಲ್ಲ ಯೋಚಿಸಿ ಮಾಡಿದನೇ? ನನಗೆ ಅನುಮಾನ. 1993ರಲ್ಲಿ ವಾಟ್ಸ್ ಡಬ್ಲ್ಯುಸಿಡಬ್ಲ್ಯು ಕಂಪನಿಯ ಕುರ್ಚಿ ಬಿಟ್ಟಿದ್ದು ಸಂದರ್ಶನವೊಂದರಲ್ಲಿ ಆಡಿದ ಜನಾಂಗದ ಮಾತುಗಳು ಹೊರಬಿದ್ದ ಮೇಲೆ. ಕೃತಿ ಕರ್ತೃವಿಗಿಂತ ಜಾಣವಾಗಿರಬಹುದು.

ಆಗಸ್ಟ್ 2ರಂದು ಸೂಪರ್‌ಡೋಮ್‌ಗೆ ಬಂದವರು 20,000ಕ್ಕೂ ಹೆಚ್ಚು. ಬೋನಿನೊಳಗಿದ್ದ ಇಬ್ಬರಲ್ಲಿ ಯಾರೂ ಲೂಸಿಯಾನಾದಲ್ಲಿ ಹುಟ್ಟಿದವರಲ್ಲ. ಹೇಯ್ಸ್ ಕೂಡ ಫ್ಲಾರಿಡಾದ ಪೆನ್ಸಕೋಲಾದವನು. ಜನ ಮಾತ್ರ ಅಲ್ಲಿಯವರು.

ಇಲ್ಲಿ ನನ್ನ ಜಗಳ ನಕ್ಷತ್ರ ಎಣಿಸುವ ವಿಮರ್ಶಕರೊಂದಿಗೆ. ಡೇವ್ ಮೆಲ್ಟ್ಜರ್‌ನ ‘ರೆಸ್ಲಿಂಗ್ ಅಬ್ಸರ್ವರ್’ ಪತ್ರಿಕೆಯಿಂದ ಹಬ್ಬಿದ ಪದ್ಧತಿ ಅದು: ಪ್ರತಿ ಪಂದ್ಯಕ್ಕೆ ಇಂತಿಷ್ಟು ನಕ್ಷತ್ರ, ಐದು ಸಿಕ್ಕರೆ ಅಮರತ್ವ. ಆ ತಕ್ಕಡಿಯಲ್ಲಿ ಜಂಕ್‌ಯಾರ್ಡ್ ಡಾಗ್ ತೂಗುವುದೇ ಇಲ್ಲ. ಅವನಿಗೆ ಗೊತ್ತಿದ್ದ ಪಟ್ಟುಗಳು ಬೆರಳೆಣಿಕೆಯವು, ಐದಾರು ನಿಮಿಷಕ್ಕೆ ಏದುಸಿರು, ಕೊನೆಗೊಂದು ‘ಥಂಪ್’, ಅಂದರೆ ಎತ್ತಿ ನೆಲಕ್ಕೆ ಅಪ್ಪಳಿಸುವ ಪವರ್‌ಸ್ಲ್ಯಾಮ್. ಒಪ್ಪಿದೆ. 1984ರಲ್ಲಿ ಮಿಡ್-ಸೌತ್ ಬಿಟ್ಟು ಹೋದ ಮೇಲೆ ಮೈ ಬಂದು ಆಟ ಇನ್ನೂ ಸಡಿಲವಾಯಿತು ಎಂಬುದನ್ನೂ ಒಪ್ಪೋಣ. ಅದೇ ವಿಮರ್ಶಕರು ಕಣ್ಣಿಗೊತ್ತಿಕೊಳ್ಳುವ ಪಂದ್ಯವೊಂದಿದೆ: 1989ರ ಏಪ್ರಿಲ್ 2ರಂದು ನಡೆದ ಫ್ಲೇರ್ ಮತ್ತು ರಿಕಿ ಸ್ಟೀಮ್‌ಬೋಟ್ ಕಾದಾಟ. ಮೂರು ಸುತ್ತಿನಲ್ಲಿ ಎರಡು ಗೆಲ್ಲಬೇಕಾದ ಪಂದ್ಯ, ಐವತ್ತೈದು ನಿಮಿಷ, ಐದು ನಕ್ಷತ್ರ. (ಹೊನೊಲುಲುವಿನವನೆಂದು ಕೂಗಿಸಿಕೊಳ್ಳುತ್ತಿದ್ದ ಸ್ಟೀಮ್‌ಬೋಟ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್‌ನಲ್ಲಿ, ಪಟ್ಟಿಕಾರರು ಅದನ್ನೂ ಬಗೆಹರಿಸಲಿ.) ಅದು ಅದ್ಭುತ ಪಂದ್ಯ, ನನ್ನ ತಕರಾರಿಲ್ಲ. ನಡೆದದ್ದೆಲ್ಲಿ? ಅದೇ ನ್ಯೂ ಆರ್ಲಿಯನ್ಸ್‌ನ ಅದೇ ಸೂಪರ್‌ಡೋಮ್‌ನಲ್ಲಿ. ಜನ ಎಷ್ಟು? ಐದು ಸಾವಿರದ ಆಸುಪಾಸು. ಅಂದೇ ಮ್ಯಾಕ್‌ಮಹೊನ್‌ನ ರೆಸಲ್‌ಮೇನಿಯಾ ಇತ್ತು, ಈ ಪಂದ್ಯ ಕೇಬಲ್ ಟಿವಿಯಲ್ಲಿ ಬಿಟ್ಟಿಯಾಗಿ ಬರುತ್ತಿತ್ತು ಎಂಬ ಸಬೂಬುಗಳು ನಿಜವೇ. ಆದರೂ ಅಷ್ಟು ದೊಡ್ಡ ಛಾವಣಿಯ ಕೆಳಗಿನ ಖಾಲಿ ಕುರ್ಚಿಗಳು ನಕ್ಷತ್ರದ ತಕ್ಕಡಿಯಲ್ಲಿ ಲೆಕ್ಕಕ್ಕೆ ಬಾರದಿರುವುದು ವಿಚಿತ್ರ. ರಾಜ್ಯದ ಹೆಸರಿನಲ್ಲಿ ಶ್ರೇಷ್ಠನನ್ನು ಆರಿಸುವಾಗ ಆ ರಾಜ್ಯದ ಜನ ಎದ್ದು ಬಂದರೋ ಇಲ್ಲವೋ ಎಂಬುದು ಎಣಿಕೆಗೆ ಬರಬೇಡವೇ?

ಅವರದು ಇನ್ನೊಂದು ವಾದ: ಡಾಗ್‌ನ ಯಶಸ್ಸು ವಾಟ್ಸ್‌ನ ಬರವಣಿಗೆಯದು, ಯಾರನ್ನು ನಿಲ್ಲಿಸಿದರೂ ನಡೆಯುತ್ತಿತ್ತು. ಇದಕ್ಕೆ ವಾಟ್ಸ್‌ನ ಅನುಭವವೇ ಉತ್ತರ. ಡಾಗ್ ಹೋದ ಮೇಲೆ ಅದೇ ಬರವಣಿಗೆಯಲ್ಲಿ, ಅದೇ ಊರುಗಳಲ್ಲಿ, ಅದೇ ಅಚ್ಚಿನ ಹೊಸ ಕಪ್ಪು ನಾಯಕರನ್ನು ಒಬ್ಬರಾದ ಮೇಲೊಬ್ಬರಂತೆ ಇಳಿಸಿದ. ಯಾರೂ ಆ ಜಾಗ ತುಂಬಲಿಲ್ಲ. 1987ರಲ್ಲಿ ಕಂಪನಿಯನ್ನೇ ಇನ್ನೊಂದು ಸೀಮೆಯ ಯಜಮಾನ ಜಿಮ್ ಕ್ರಾಕೆಟ್‌ಗೆ ಮಾರಿದ. ಮಾರಾಟಕ್ಕೆ ಬೇರೆ ಕಾರಣಗಳೂ ಇದ್ದವು: ತೈಲದ ಬೆಲೆ ಕುಸಿದು ಲೂಸಿಯಾನಾ, ಒಕ್ಲಹೋಮಾಗಳ ಕೆಲಸಗಾರರ ಜೇಬು ಬರಿದಾಗಿತ್ತು, ಮ್ಯಾಕ್‌ಮಹೊನ್ ಎಲ್ಲರ ಸೀಮೆಗೂ ನುಗ್ಗಿದ್ದ. ಆದರೂ ಬೇರೆಯವರು ಇದ್ದೇ ಇದ್ದರು ಎನ್ನುವವರು ಆ ಬೇರೆಯವರ ಹೆಸರು ಹೇಳಲಿ.

ರಿಟರ್ 1998ರಲ್ಲಿ ಮಿಸ್ಸಿಸಿಪ್ಪಿಯ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಸತ್ತ. ಮಗಳ ಹೈಸ್ಕೂಲ್ ಪದವಿ ಸಮಾರಂಭ ಮುಗಿಸಿ ವಾಪಸಾಗುತ್ತಿದ್ದ. ಡಬ್ಲ್ಯುಡಬ್ಲ್ಯುಇ 2004ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು. ಅಷ್ಟರಲ್ಲಿ ಹೊಸ ನೋಡುಗರಿಗೆ ಅವನು ಮಕ್ಕಳನ್ನು ರಿಂಗ್‌ಗೆ ಕರೆದು ಕುಣಿಸುವ ದಡೂತಿ ಮನುಷ್ಯನಷ್ಟೇ ಆಗಿದ್ದ. ಪಟ್ಟಿ ಮಾಡುವವರಲ್ಲಿ ಬಹಳ ಮಂದಿ ನೋಡಿದ್ದೂ ಆ ಡಾಗ್‌ನನ್ನೇ.

ಲೂಸಿಯಾನಾವನ್ನು ಅವನಿಗೆ ಕೊಟ್ಟರೆ ಲ್ಯಾಡ್‌ನ ಗತಿ ಏನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ರೇವಿಲ್‌ನಲ್ಲಿ ಹುಟ್ಟಿ, ಗ್ರ್ಯಾಂಬ್ಲಿಂಗ್‌ನಲ್ಲಿ ಓದಿ, ಸ್ಯಾನ್ ಡಿಯಾಗೊ ಚಾರ್ಜರ್ಸ್‌ಗೆ ಫುಟ್‌ಬಾಲ್ ಆಡಿ ಬಂದ ಲ್ಯಾಡ್ ಮಾತಿನಲ್ಲಿ ಡಾಗ್‌ಗಿಂತ ಒಂದು ಕೈ ಮೇಲು. ಮಿಡ್-ಸೌತ್‌ನಲ್ಲಿ ತೆರೆಯ ಹಿಂದೆ ಕಥೆ ಹೆಣೆಯುವ ಬುಕರ್ ಕೂಡ ಆಗಿದ್ದ. ಅವನು ಬೆಳೆದದ್ದು ಟೆಕ್ಸಸ್‌ನ ಆರೆಂಜ್ ಊರಿನಲ್ಲಿ, ಹಾಗಾಗಿ ಅತ್ತ ಕಳಿಸಬಹುದು. ಅಲ್ಲಿ ಟೆರ್ರಿ ಫಂಕ್, ಫಾನ್ ಎರಿಕ್ ಮನೆತನ, ಸ್ಟೀವ್ ಆಸ್ಟಿನ್ ಆಗಲೇ ಸರದಿಯಲ್ಲಿದ್ದಾರೆ. ಅವರಲ್ಲಿ ಫಂಕ್ ಹುಟ್ಟಿದ್ದು ಇಂಡಿಯಾನಾದಲ್ಲಿ.