ಎಂಟನೆಯ ನಡೆ

ಬರೀ ಹನ್ನೊಂದು ನಡೆಗೆ ಮುಗಿದ ಆಟ. ನೂರು ವರ್ಷ ಕಳೆದರೂ ಚದುರಂಗದ ಹುಚ್ಚಿನವರು ಅದನ್ನು ಹಲಗೆಯ ಮೇಲೆ ಮತ್ತೆ ಮತ್ತೆ ಜೋಡಿಸಿ ನೋಡುತ್ತಾರೆ. 1910ರಲ್ಲಿ ವಿಯೆನ್ನಾದಲ್ಲಿ ರಿಚರ್ಡ್ ರೇಟಿ ಮತ್ತು ಸವಿಯೆಲಿ ಟಾರ್ಟಕೋವರ್ ಬಿಡುವಿನಲ್ಲಿ ಆಡಿದ್ದು. ಟೂರ್ನಿಯಲ್ಲ, ಪಾಯಿಂಟಿನ ಲೆಕ್ಕವಿಲ್ಲ. ಇಬ್ಬರಿಗೂ ಆಗ ಇಪ್ಪತ್ತರ ಆಸುಪಾಸು. ಮೊಬೈಲಿನಲ್ಲಿ ಮೂರು ನಿಮಿಷದ ಆಟ ಆಡುವವರು ಇವತ್ತು ಕನಸು ಕಾಣುವುದೂ ಇಂಥದೇ ಗೆಲುವನ್ನು: ಮಂತ್ರಿಯನ್ನು ಬಲಿಕೊಟ್ಟು ಎರಡೇ ನಡೆಯಲ್ಲಿ ಮೇಟ್. ಆದರೆ ಒಂಬತ್ತನೆಯ ನಡೆಯ ಆ ಬಲಿಯನ್ನಷ್ಟೇ ಕೊಂಡಾಡಿದರೆ ಈ ಆಟಕ್ಕೆ ಅನ್ಯಾಯವಾಗುತ್ತದೆ.

ಆರಂಭ ಕಾರೊ-ಕಾನ್. ಬಿಳಿ ಕಾಯಿಗಳ ರೇಟಿ ಐದನೆಯ ನಡೆಗೇ ಮಂತ್ರಿಯನ್ನು ಡಿ3ಕ್ಕೆ ತರುತ್ತಾನೆ. ಇದು ಒಳ್ಳೆಯ ನಡೆ ಎಂದು ನಾನು ಹೇಳಲಾರೆ. ಇಷ್ಟು ಬೇಗ ಮಂತ್ರಿಯನ್ನು ಹೊರಗೆಳೆಯಬೇಡ ಎಂದು ಮಕ್ಕಳಿಗೆ ನಾವೇ ಹೇಳಿಕೊಡುತ್ತೇವೆ. ಅದಕ್ಕಿಂತ ದೊಡ್ಡ ತಪ್ಪು ಟಾರ್ಟಕೋವರ್‌ನದು. ತನ್ನ ರಾಜ ಇನ್ನೂ ನಡುಮನೆಯಲ್ಲೇ ನಿಂತಿರುವಾಗ ಇ5 ಆಡಿ ನಡುವಿನ ದಾರಿಗಳನ್ನೆಲ್ಲ ತೆರೆದುಬಿಟ್ಟ. ರೇಟಿ ಹೊಡೆದ ಆ ಪದಾತಿಯನ್ನು ಮರಳಿ ಪಡೆಯಲು ಮಂತ್ರಿಯಿಂದ ಎ5ರಲ್ಲಿ ಚೆಕ್ ಕೊಟ್ಟ. ಆ ಚೆಕ್‌ಗೆ ಅಡ್ಡ ಬಂದ ಬಿಳಿ ಒಂಟೆ ಡಿ2ರಲ್ಲಿ ನೆಲೆಯಾಯಿತು, ಉದ್ದದ ಕ್ಯಾಸ್ಲಿಂಗ್‌ಗೆ ದಾರಿಯೂ ಸಿದ್ಧವಾಯಿತು.

ಎಂಟನೆಯ ನಡೆಯಲ್ಲಿ ರೇಟಿ ಸುಮ್ಮನೆ ಕ್ಯಾಸ್ಲಿಂಗ್ ಮಾಡುತ್ತಾನೆ. ಇ4ರ ಕುದುರೆಯ ಮೇಲೆ ಎರಡು ಕರಿ ಕಾಯಿಗಳ ಕಣ್ಣಿದೆ, ಅವನು ಅತ್ತ ತಿರುಗಿಯೂ ನೋಡುವುದಿಲ್ಲ. ಕರಿ ಮಂತ್ರಿ ಅದನ್ನು ಹೊಡೆದರೆ ಆನೆ ಇ1ಕ್ಕೆ ಬರುತ್ತದೆ. ಹಿಂದೆ ರಾಜನಿರುವುದರಿಂದ ಮಂತ್ರಿಗೆ ಆ ಸಾಲು ಬಿಟ್ಟು ಕದಲಲಾಗದು. ಕುದುರೆಯಿಂದ ಹೊಡೆದರೆ ಇನ್ನೊಂದು ಗಂಡಾಂತರ. ಇ7ಕ್ಕೆ ಒಂಟೆ ತಂದಿದ್ದರೆ ಡಿ8 ಚೌಕಕ್ಕೆ ಕಾವಲು ಸಿಗುತ್ತಿತ್ತು, ಆಟ ಮುಂದುವರಿಯುತ್ತಿತ್ತು. ರೇಟಿಯ ಆ ಸದ್ದಿಲ್ಲದ ಕ್ಯಾಸ್ಲಿಂಗೇ ನನಗೆ ಈ ಆಟದ ಜೀವ. ಮುಂದಿನದ್ದು ಅದರ ಫಲ.

ಟಾರ್ಟಕೋವರ್ ಕುದುರೆಯಿಂದ ಹೊಡೆದ. ಬಿಳಿ ಮಂತ್ರಿ ನೇರ ಡಿ8ಕ್ಕೆ ಹೋಗಿ ಚೆಕ್ ಕೊಟ್ಟಿತು. ರಾಜನಿಗೆ ಅದನ್ನು ತಿನ್ನದೆ ಗತ್ಯಂತರವಿಲ್ಲ. ಆಗ ಒಂಟೆ ಜಿ5ಕ್ಕೆ ಜಾರುತ್ತದೆ: ಒಂಟೆಯದೊಂದು ಚೆಕ್, ಹಿಂದೆ ತೆರೆದ ಸಾಲಿನಿಂದ ಆನೆಯದೊಂದು. ಡಬಲ್ ಚೆಕ್‌ನಲ್ಲಿ ಅಡ್ಡ ನಿಲ್ಲುವುದಕ್ಕೂ ಇಲ್ಲ, ಹೊಡೆಯುವುದಕ್ಕೂ ಇಲ್ಲ, ರಾಜ ಓಡಲೇಬೇಕು. ಸಿ7ಕ್ಕೆ ಓಡಿದ. ಒಂಟೆ ಡಿ8ಕ್ಕೆ ಬಂತು, ಮೇಟ್. ಆ ಕೊನೆಯ ಚಿತ್ರವನ್ನು ನಿಧಾನವಾಗಿ ನೋಡಬೇಕು. ಕರಿ ರಾಜನ ದಾರಿ ಕಟ್ಟಿ ನಿಂತವರಲ್ಲಿ ಹೆಚ್ಚಿನವರು ಅವನ ಕಡೆಯವರೇ: ಬಿ8ರ ಕುದುರೆ, ಸಿ8ರ ಒಂಟೆ, ಬಿ7 ಮತ್ತು ಸಿ6ರ ಪದಾತಿಗಳು. ಬಿಳಿಯ ಕಡೆಯಿಂದ ಕೆಲಸ ಮಾಡಿದ್ದು ಒಂದು ಆನೆ, ಒಂದು ಒಂಟೆ ಮಾತ್ರ.

ಇದರ ಕೊರತೆಯೂ ಅಲ್ಲೇ ಇದೆ. ರೇಟಿಯ ಇನ್ನೊಂದು ಒಂಟೆ, ಇನ್ನೊಂದು ಕುದುರೆ, ಇನ್ನೊಂದು ಆನೆ ಕೊನೆಯವರೆಗೂ ಮನೆಯಿಂದ ಹೊರಬರಲಿಲ್ಲ. 1858ರಲ್ಲಿ ಪ್ಯಾರಿಸ್ಸಿನ ಆಪೆರಾದಲ್ಲಿ ಪಾಲ್ ಮಾರ್ಫಿ ಹದಿನೇಳು ನಡೆಗಳಲ್ಲಿ ಗೆದ್ದ ಆಟದಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಕಾಯಿಯೂ ಎದ್ದು ಬಂದು ತನ್ನ ಪಾಲಿನ ಕೆಲಸ ಮುಗಿಸಿ ಹೋಗುತ್ತದೆ. ಕಲಿಯುವವರ ಕೈಗೆ ಮೊದಲು ಕೊಡಬೇಕಾದದ್ದು ಮಾರ್ಫಿಯ ಆಟವೆಂದೇ ನನ್ನ ಎಣಿಕೆ. ಕಾಯಿಗಳನ್ನು ಬೇಗ ಹೊರತರುವುದೇ ಮಾರ್ಫಿಯ ಬಲದ ಗುಟ್ಟೆಂದು ಮುಂದೆ ತನ್ನ ಪುಸ್ತಕದಲ್ಲಿ ಬಿಡಿಸಿ ಹೇಳಿದವನೂ ಇದೇ ರೇಟಿ.

ಡಬಲ್ ಚೆಕ್ ಬಿದ್ದಾಗ ಟಾರ್ಟಕೋವರ್ ರಾಜನನ್ನು ಇ8ಕ್ಕೆ ಹಿಂತಿರುಗಿಸಿದ್ದರೆ? ಆನೆ ಡಿ8ಕ್ಕೆ, ಹಿಂದೆ ಜಿ5ರ ಒಂಟೆಯ ಬೆಂಬಲ, ಮೇಟ್. ಮಾರ್ಫಿ ಆಪೆರಾದಲ್ಲಿ ಆಡಿದ ಕೊನೆಯ ನಡೆ, ಅದೇ ಚೌಕದಲ್ಲಿ.