ಆತಕೂರಿನ ಕಲ್ಲು, ಮಕ್ಕಳ ಕಣ್ಣು
ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಶಾಲಾಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರು ಯಾರೇ ಇರಲಿ, ಆತಕೂರಿನ ಶಾಸನದ ಕಲ್ಲಿನ ಮುಂದೆ ಸಾವಕಾಶವಾಗಿ ನಿಲ್ಲಬೇಕು. ಇದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ ಬಂದದ್ದು. ಕಾಲ ಶಕ 872, ಅಂದರೆ ಕ್ರಿ.ಶ. 949–50.

ಮಕ್ಕಳಿಗೆ ಮೊದಲು ಕಾಣುವುದು ಅಕ್ಷರವಲ್ಲ, ಹಂದಿಯ ಮೇಲೆ ಎರಗಿದ ನಾಯಿ. ಅಲ್ಲಿಂದಲೇ ಶುರುಮಾಡಬೇಕು. ಆ ನಾಯಿಯ ಹೆಸರು ಕಾಳಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ತನ್ನ ಬಂಟ ಮಣಲೇರನನ್ನು ಗಂಗರ ಅರಸ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಈ ನಾಯಿಯನ್ನು! ಮುಂದೆ ಬೇಟೆಯಲ್ಲಿ ಕಾಳಿಯೂ ಹಂದಿಯೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೇರ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಗೊರವ (ಗುಡಿಯ ಶೈವ ಪೂಜಾರಿ) ಉಂಡರೆ ಪಾಪವೆಂದೂ ಬರೆಸಿದ. ನಾಯಿಯ ಮೇಲಿನ ಇಂಥ ಅಕ್ಕರೆ ಯಾವ ರಾಜವಂಶದ ಪಟ್ಟಿಯಲ್ಲಿ ಸಿಗುತ್ತದೆ?

ಆದರೆ ಅದೇ ಕಲ್ಲಿನಲ್ಲಿ ದೊಡ್ಡ ಚರಿತ್ರೆಯೂ ಇದೆ: ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋದದ್ದು, ಅದೇ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತದ್ದು. ಬೇಟೆ, ಭೂದಾನ, ಗುಡಿ, ಯುದ್ಧ ಎಲ್ಲ ಒಂದೇ ಬಂಡೆಯ ಮೇಲೆ. ಪಠ್ಯಪುಸ್ತಕ ಇವನ್ನು ಬೇರೆಬೇರೆ ಅಧ್ಯಾಯಗಳಿಗೆ ಹಂಚಿಬಿಡುತ್ತದೆ.

ತುಸು ದೊಡ್ಡ ಮಕ್ಕಳಾದರೆ ಚೋಳರ ಲೈಡನ್ ತಾಮ್ರಪಟದ ಮಾತನ್ನೂ ಪಕ್ಕದಲ್ಲಿಡಿ. ಅಲ್ಲಿ ರಾಜಾದಿತ್ಯ ಕೃಷ್ಣನನ್ನೇ ನಡುಗಿಸಿ, ಆನೆಯ ಮೇಲೆಯೇ ಮಡಿದು ಸ್ವರ್ಗಕ್ಕೆ ಹೋದ ವೀರ. ಗೆದ್ದವರ ಕಲ್ಲು, ಸೋತವರ ತಾಮ್ರ, ಸಾವು ಒಂದೇ. ಯಾರು ಯಾಕೆ ಹೀಗೆ ಬರೆಸಿದರು ಎಂಬುದನ್ನು ಮಕ್ಕಳೇ ವಾದಿಸಲಿ.